ಟ್ರಾಲಿಗೆ ಅಚ್ಚು ಒಂದೋ, ಎರಡೋ?

ತೊಗರಿ ರಾಶಿ ಮುಗಿದು ಕೈಯಲ್ಲಿ ನಾಲ್ಕು ದುಡ್ಡು ಓಡಾಡುವ ಹೊತ್ತಿಗೆ ನಮ್ಮ ಕಡೆ ಯಾರಾದರೂ ಒಬ್ಬರು ಟ್ರಾಲಿ ಕೊಳ್ಳಲು ಹೊರಡುತ್ತಾರೆ. ಟ್ರ್ಯಾಕ್ಟರ್ ಕೊಳ್ಳುವಾಗ ಹತ್ತು ಮಂದಿಯನ್ನು ಕೇಳುತ್ತೇವೆ. ಟ್ರಾಲಿಗೆ ಯಾರನ್ನೂ ಕೇಳುವುದಿಲ್ಲ. "ಅದರಾಗ ಏನದ, ಕಬ್ಬಿಣದ ಡಬ್ಬಿ" ಅನ್ನುವ ಉಡಾಫೆ. ನನಗೂ ಅದೇ ಉಡಾಫೆ ಇತ್ತು. ಅದಕ್ಕೆ ತೆತ್ತ ಬೆಲೆಯನ್ನು ಮುಂದೆ ಹೇಳುತ್ತೇನೆ.

ಈ ಸಲ ಹೊರಟವನು ನನ್ನ ಹೆಂಡತಿಯ ತಮ್ಮ. ಔರಾದ ತಾಲ್ಲೂಕಿನವನು. ಹನ್ನೆರಡು ಎಕರೆ ಜಮೀನು, ಒಂದು ಟ್ರ್ಯಾಕ್ಟರ್. ಫೋನ್ ಮಾಡಿ, "ಭಾವಾ, ಎರಡು ಗಾಲಿದು ತಗೊಳ್ಳಲೋ, ನಾಲ್ಕು ಗಾಲಿದು ತಗೊಳ್ಳಲೋ? ಅಂಗಡಿಯವ ನಾಲ್ಕು ಗಾಲಿದೇ ಒಯ್ಯಿರಿ ಅಂತಾನ" ಅಂದ. ಎರಡನ್ನೂ ಇಟ್ಟುಕೊಂಡು, ಎರಡರಿಂದಲೂ ಪೆಟ್ಟು ತಿಂದವನು ನಾನು. ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನನ್ನದು ಭಾಲ್ಕಿ ತಾಲ್ಲೂಕು. ಆರು ಎಕರೆ. ನಾಲ್ಕು ಎಕರೆ ಕರಿ ಭೂಮಿ, ಎರಡು ಎಕರೆ ಹಳ್ಳದ ಆಚೆಯ ಕೆಂಪು ಮಸಾರಿ. ಬಾವಿಯ ನೀರಿದ್ದಷ್ಟು ಕಬ್ಬು, ಉಳಿದದ್ದು ಸೋಯಾ, ತೊಗರಿ, ಉದ್ದು, ಹಿಂಗಾರಿಗೆ ಬಿಳಿಜೋಳ. ಟ್ರ್ಯಾಕ್ಟರ್ 35 ಎಚ್.ಪಿ.ಯದು.

ಮೊದಲು ಒಂದು ಮಾತು ಬಿಡಿಸಿಕೊಳ್ಳೋಣ. ಟೈರು ಎಣಿಸಬೇಡಿ, ಅಚ್ಚು ಎಣಿಸಿ. ಒಂದೇ ಅಚ್ಚಿಗೆ ಆಚೆಗೆರಡು ಈಚೆಗೆರಡು ಜೋಡಿ ಟೈರು ಹಾಕಿದ ಟ್ರಾಲಿಗಳೂ ಇವೆ. ನಾಲ್ಕು ಟೈರು ಕಂಡರೂ ಅದು ಒಂದಚ್ಚಿನದೇ. ಇನ್ನು ಎರಡಚ್ಚಿನಲ್ಲಿ ಎರಡು ಜಾತಿ. ಒಂದರಲ್ಲಿ ಮುಂದಿನ ಅಚ್ಚು ಟ್ರಾಲಿಯ ಮೂತಿಯ ಕೆಳಗಿದ್ದು, ಒಂದು ದೊಡ್ಡ ಬಳೆಯ ಮೇಲೆ ತಿರುಗುತ್ತದೆ. ಅದಕ್ಕೆ ಟರ್ನ್ ಟೇಬಲ್ ಎನ್ನುತ್ತಾರೆ. ಇನ್ನೊಂದರಲ್ಲಿ ಎರಡು ಅಚ್ಚುಗಳೂ ಟ್ರಾಲಿಯ ಹೊಟ್ಟೆಯ ಕೆಳಗೆ ಒಂದರ ಹಿಂದೊಂದು ಅಂಟಿಕೊಂಡಿರುತ್ತವೆ, ತಿರುಗುವುದಿಲ್ಲ. ನಮ್ಮ ಕಡೆ ಕಬ್ಬು ಹೊರುವ ನಾಲ್ಕು ಗಾಲಿ ಅಂದರೆ ಹೆಚ್ಚಾಗಿ ಮೊದಲನೆಯದು. ನಾನು ಮೊದಲು ತಂದದ್ದೂ ಅದೇ.

ನೊಗದ ಭಾರ

ಎತ್ತಿನ ಬಂಡಿ ಹೂಡಿದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ನಮ್ಮಪ್ಪನ ಕಾಲದಲ್ಲಿ ಮನೆಯಲ್ಲಿ ದೇವಣಿ ಎತ್ತುಗಳಿದ್ದವು. ಕಣಿಕೆ ಹೇರುವಾಗ ಅಪ್ಪ ಬಂಡಿಯ ಮುಂದೆ ನಿಂತು ನೊಗವನ್ನು ಅಂಗೈಯಲ್ಲಿ ಎತ್ತಿ ನೋಡುತ್ತಿದ್ದ. ತೀರಾ ಭಾರ ಅನ್ನಿಸಿದರೆ, "ಮುಂದ ಜಾಸ್ತಿ ಆಗ್ಯದ, ಎತ್ತಿನ ಹೆಗಲು ಹೋಗ್ತದ, ಹಿಂದಕ್ಕ ಸರಿಸು" ಅನ್ನುತ್ತಿದ್ದ. ನೊಗ ತಾನೇ ಮೇಲಕ್ಕೆ ಎದ್ದರೆ, "ಹಿಂದ ಜಗ್ಗ್ತದ, ಎತ್ತಿನ ಕುತ್ತಿಗಿ ಬಿಗೀತದ" ಅನ್ನುತ್ತಿದ್ದ. ನೊಗದ ಮೇಲೆ ತುಸು ಭಾರ ಬೇಕು. ತುಸುವೇ ಬೇಕು.

ಒಂದಚ್ಚಿನ ಟ್ರಾಲಿ ಅಂದರೆ ಅದೇ ಬಂಡಿ. ಹೇರಿದ ಮಾಲಿನ ಒಂದು ಪಾಲು ಟ್ರ್ಯಾಕ್ಟರಿನ ಹುಕ್ಕಿನ ಮೇಲೆ ಕೂರುತ್ತದೆ. ಅದರಿಂದ ಟ್ರ್ಯಾಕ್ಟರಿನ ಹಿಂದಿನ ಗಾಲಿಗಳಿಗೆ ಒತ್ತು ಬಿದ್ದು ನೆಲದ ಹಿಡಿತ ಹೆಚ್ಚುತ್ತದೆ. ಸಡಿಲ ಮಣ್ಣಿನಿಂದ, ಹಳ್ಳದ ಏರಿನಿಂದ ಮೇಲೆ ಬರುವುದು ಈ ಒತ್ತಿನಿಂದಲೇ. ಟರ್ನ್ ಟೇಬಲ್ ಇರುವ ಎರಡಚ್ಚಿನ ಟ್ರಾಲಿ ತನ್ನ ಭಾರವನ್ನೆಲ್ಲ ತನ್ನ ನಾಲ್ಕು ಗಾಲಿಯ ಮೇಲೇ ಹೊರುತ್ತದೆ. ಹುಕ್ಕಿಗೆ ಬರುವುದು ಎಳೆಯುವ ದಂಡಿಗೆಯ ಭಾರ ಅಷ್ಟೆ. ಡಾಂಬರು ರಸ್ತೆಯ ಮೇಲೆ ಇದು ಸುಖ. ಹೊಲದಲ್ಲಿ ಟ್ರ್ಯಾಕ್ಟರ್ ಹಗುರಾಗಿ ನಿಂತಲ್ಲೇ ಗಾಲಿ ಸುತ್ತುತ್ತದೆ.

ನನ್ನ ನಾಲ್ಕು ಗಾಲಿಯ ಕಥೆ

2011ರಲ್ಲಿ ಬ್ಯಾಂಕಿನ ಸಾಲದಲ್ಲಿ ಟ್ರ್ಯಾಕ್ಟರೂ ಟ್ರಾಲಿಯೂ ಒಟ್ಟಿಗೆ ಬಂದವು. ಊರಲ್ಲಿ ಆಗ ಎಲ್ಲರ ಬಾಯಲ್ಲೂ ಕಬ್ಬು. ಹುಣಜಿಯ ಮಹಾತ್ಮಾ ಗಾಂಧಿ ಸಹಕಾರಿ ಸಕ್ಕರೆ ಕಾರ್ಖಾನೆ ನಮ್ಮ ತಾಲ್ಲೂಕಿನಲ್ಲೇ ಇದೆ, ಇಮಾಮಪುರದ ನಾರಂಜಾ ಬೀದರ ಹತ್ತಿರ ಇದೆ. ನನ್ನ ಕಬ್ಬು ಒಯ್ದು, ನೆರೆಯವರದ್ದೂ ಬಾಡಿಗೆಗೆ ಒಯ್ದರೆ ಸಾಲದ ಕಂತು ಬಾಡಿಗೆಯಲ್ಲೇ ಮುಗಿಯುತ್ತದೆ ಎಂದು ನನ್ನ ಲೆಕ್ಕ. ಬಾಡಿಗೆಗೆ ಎರಡಚ್ಚೇ ಸರಿ ಎಂದು ಎಲ್ಲರೂ ಅಂದರು. ಆ ಮಾತೇನೂ ಸುಳ್ಳಲ್ಲ.

ಕಬ್ಬಿನ ಕೆಲಸದಲ್ಲಿ ಎರಡಚ್ಚಿಗೆ ಒಂದು ದೊಡ್ಡ ಗುಣವಿದೆ. ಹುಕ್ಕು ಬಿಚ್ಚಿದರೂ ಅದು ತನ್ನ ನಾಲ್ಕು ಕಾಲಿನ ಮೇಲೆ ನಿಲ್ಲುತ್ತದೆ. ಹೊಲದಲ್ಲಿ ಒಂದು ಟ್ರಾಲಿ ಬಿಟ್ಟು ಬಂದರೆ ಕಬ್ಬು ಕಡಿಯುವ ಟೋಳಿಯವರು ತಮ್ಮ ಪಾಡಿಗೆ ತುಂಬುತ್ತಿರುತ್ತಾರೆ. ಟ್ರ್ಯಾಕ್ಟರ್ ಅಷ್ಟರಲ್ಲಿ ಇನ್ನೊಂದನ್ನು ಕಾರ್ಖಾನೆಗೆ ಎಳೆಯಬಹುದು. ಕಾರ್ಖಾನೆಯ ಸಾಲಿನಲ್ಲಿ ಒಂದು ಹಗಲು ಒಂದು ರಾತ್ರಿ ನಿಂತರೂ ಹುಕ್ಕಿನ ಮೇಲೆ ಭಾರವಿಲ್ಲ. ಎರಡು ಮೂರು ಟ್ರಾಲಿ ಇಟ್ಟುಕೊಂಡು ಇಡೀ ಹಂಗಾಮು ಸಾಗಣೆಯನ್ನೇ ಮಾಡುವವರು ಎರಡಚ್ಚಿನದನ್ನು ಬಿಟ್ಟು ಬೇರೆ ನೋಡುವುದಿಲ್ಲ. ಅವರ ಮಟ್ಟಿಗೆ ಈ ಲೇಖನ ಬೇಡ.

ನನ್ನಲ್ಲಿದ್ದದ್ದು ಒಂದೇ ಟ್ರಾಲಿ. ಹೀಗಾಗಿ ಆ ಗುಣ ನನಗೆ ಅರ್ಧವೇ ದಕ್ಕಿತು. ಉಳಿದ ಎಂಟು ತಿಂಗಳು ಅದು ಮಾಡಬೇಕಾದ ಕೆಲಸ ಬೇರೆ: ತಿಪ್ಪೆ ಗೊಬ್ಬರ ಹೊಲಕ್ಕೆ, ಸೋಯಾ ಮೆದೆ ರಾಶಿಯ ಜಾಗಕ್ಕೆ, ಕಣಿಕೆ ಮನೆಗೆ. ನಮ್ಮ ಹೊಲದ ದಾರಿ ಬಂಡಿಗೆಂದು ಬಿಟ್ಟದ್ದು. ಎರಡೂ ಕಡೆ ಬೇಲಿ, ಕೊನೆಗೊಂದು ಮೊಳಕೈ ತಿರುವು. ಮುಂದಕ್ಕೆ ಹೇಗೋ ಹೋಗುತ್ತಿತ್ತು. ಹಿಂದಕ್ಕೆ ತರುವುದು ನರಕ. ಒಂದಚ್ಚಿನದಕ್ಕೆ ಕೀಲು ಒಂದೇ, ಹುಕ್ಕಿನಲ್ಲಿ. ಸ್ಟಿಯರಿಂಗ್ ಬಲಕ್ಕೆ ತಿರುಗಿಸಿದರೆ ಟ್ರಾಲಿಯ ಹಿಂಬದಿ ಎಡಕ್ಕೆ ಹೋಗುತ್ತದೆ, ನಾಲ್ಕು ದಿನದಲ್ಲಿ ಕೈಗೆ ಬರುತ್ತದೆ. ಟರ್ನ್ ಟೇಬಲಿನದಕ್ಕೆ ಕೀಲು ಎರಡು, ಒಂದು ಹುಕ್ಕಿನಲ್ಲಿ, ಇನ್ನೊಂದು ಬಳೆಯಲ್ಲಿ. ಒಂದನ್ನು ಸರಿ ಮಾಡುವಷ್ಟರಲ್ಲಿ ಇನ್ನೊಂದು ಮಡಚಿಕೊಂಡಿರುತ್ತದೆ. ಆರು ವರ್ಷ ಇಟ್ಟುಕೊಂಡರೂ ನಾನು ಅದನ್ನು ನೆಟ್ಟಗೆ ಇಪ್ಪತ್ತು ಅಡಿ ಹಿಂದೆ ತಂದದ್ದಿಲ್ಲ. ಗೊಬ್ಬರ ಇಳಿಸಲು ಹೋದರೆ ಹೊಲದಲ್ಲಿ ದೊಡ್ಡ ಸುತ್ತು ಹೊಡೆದೇ ಹೊರಬರಬೇಕು. ಎರಡೆಕರೆಯ ಪಟ್ಟಿಯಲ್ಲಿ ಸುತ್ತು ಹೊಡೆಯುವುದೆಂದರೆ ಅರ್ಧ ಹೊಲ ತುಳಿದ ಹಾಗೆ. ನೆರೆಯವನ ಬದು ಎರಡು ಸಲ ಮುರಿದು, ಮಾತು ಬಿಡುವವರೆಗೂ ಹೋಗಿತ್ತು.

ಆಮೇಲೆ 2015 ಮತ್ತು 2016ರ ಬೇಸಿಗೆ ಬಂತು. ಆ ಬರವನ್ನು ನಮ್ಮ ಕಡೆಯವರು ಮರೆಯುವುದಿಲ್ಲ. ಮಾಂಜ್ರಾ ಬತ್ತಿತ್ತು. ಇದೇ ನದಿಯ ಮೇಲ್ಗಡೆಯ ಲಾತೂರಿಗೆ 2016ರ ಏಪ್ರಿಲ್‌ನಲ್ಲಿ ಮಿರಜದಿಂದ ರೈಲಿನಲ್ಲಿ ಕುಡಿಯುವ ನೀರು ತಂದರು. ನನ್ನ ಬಾವಿಯಲ್ಲಿ ಕೊಡ ಮುಳುಗುವಷ್ಟು ನೀರಿರಲಿಲ್ಲ. ಕಬ್ಬಿನ ಜಾಗದಲ್ಲಿ ಒಣ ಕೂಳೆ. ಬಾಡಿಗೆಯನ್ನು ನಂಬಿ ತಂದ ಟ್ರಾಲಿ ಬೇವಿನ ಮರದ ಕೆಳಗೆ ನಿಂತಿತು, ಅದರೊಳಗೆ ಕೋಳಿ ಮರಿ ಮಾಡಿತು. ಬ್ಯಾಂಕಿನ ಕಂತು ಮಾತ್ರ ನಿಲ್ಲಲಿಲ್ಲ. ಹೆಂಡತಿಯ ಎರಡು ತೊಲೆ ಬಂಗಾರ ಆ ಕಂತಿಗೆ ಹೋಯಿತು. ತಪ್ಪು ಟ್ರಾಲಿಯದಲ್ಲ, ನನ್ನ ಲೆಕ್ಕದ್ದು. ವರ್ಷಕ್ಕೆ ನಾಲ್ಕು ತಿಂಗಳ ಕೆಲಸ ನೋಡಿ, ಅದೂ ಮಳೆಯನ್ನು ನಂಬಿದ ಕೆಲಸ ನೋಡಿ, ಹನ್ನೆರಡು ತಿಂಗಳ ಗಾಡಿ ಆರಿಸಿದ್ದೆ.

ಎರಡು ಗಾಲಿಯೂ ಸುಮ್ಮನಲ್ಲ

2017ರಲ್ಲಿ ಅದನ್ನು ಸಾಗಣೆ ಮಾಡುವವರೊಬ್ಬರಿಗೆ ಮಾರಿ, ಒಂದಚ್ಚಿನ, ಹೈಡ್ರಾಲಿಕ್ ಜಾಕ್ ಇರುವ ಟ್ರಾಲಿ ತಂದೆ. ಮೊದಲ ವರ್ಷ ಅದರ ಮೇಲೆ ನನಗೆ ಮೋಹವೇ ಹುಟ್ಟಿತು. ಬಂಡಿ ಹೋದಲ್ಲೆಲ್ಲ ಹೋಯಿತು. ಗೊಬ್ಬರ ತುಂಬಿ, ಹೊಲದ ಮೂಲೆಗೆ ಹಿಂದಕ್ಕೆ ತಂದು, ಲಿವರ್ ಎತ್ತಿದರೆ ಐದು ನಿಮಿಷದಲ್ಲಿ ಖಾಲಿ. ಹಿಂದೆ ಇದೇ ಕೆಲಸಕ್ಕೆ ಇಬ್ಬರು ಆಳು ಅರ್ಧ ದಿನ.

2018ರ ಜನವರಿಯಲ್ಲಿ ದನದ ಕೊಟ್ಟಿಗೆಯ ಗೋಡೆಗೆಂದು ಬೀದರ ಕಡೆಯಿಂದ ಬಂದ ಕೆಂಪು ಜಂಬಿಟ್ಟಿಗೆ ಕಲ್ಲುಗಳನ್ನು ರಸ್ತೆ ಬದಿಯಿಂದ ಹಳ್ಳ ದಾಟಿಸಿ ತರಬೇಕಿತ್ತು. ಸುಮಾರು ಮೂರು ಟನ್. ಹೇರಿದವರು ಹಿಂದಿನ ಹಲಗೆ ಗಟ್ಟಿಯಿಲ್ಲ ಎಂದು ಕಲ್ಲೆಲ್ಲ ಟ್ರಾಲಿಯ ಮುಂದಿನ ಅರ್ಧದಲ್ಲೇ ಪೇರಿಸಿದ್ದರು. ಸಾಲದ್ದಕ್ಕೆ, ಹಳ್ಳದಲ್ಲಿ ದಂಡಿಗೆ ನೆಲಕ್ಕೆ ಉಜ್ಜುತ್ತದೆ ಎಂದು ಮಗ ಹುಕ್ಕನ್ನು ಮೇಲಿನ ತೂತಿಗೆ ಏರಿಸಿ ಪಿನ್ ಹಾಕಿದ್ದ. ನಾನು ಇವೆರಡನ್ನೂ ನೋಡಿದ್ದೆ. ಏನೂ ಅನ್ನಲಿಲ್ಲ.

ಹಳ್ಳದ ಏರಿನ ನಡುವೆ ಟ್ರ್ಯಾಕ್ಟರ್ ತಡವರಿಸಿತು. ಮಗ ಕ್ಲಚ್ ಹಿಡಿದು ಗೇರು ಇಳಿಸಿ, ಎಂಜಿನ್ ಏರಿಸಿ ಒಮ್ಮೆಲೇ ಬಿಟ್ಟ. ಮುಂದಿನ ಗಾಲಿಗಳೆರಡೂ ನೆಲ ಬಿಟ್ಟವು. ಮೊಣಕಾಲೆತ್ತರ, ಸೊಂಟದೆತ್ತರ. ನಾನು ಹಿಂದೆ ನಡೆದು ಬರುತ್ತಿದ್ದವನು ಕೂಗಲು ಬಾಯಿ ತೆರೆದರೆ ದನಿಯೇ ಹೊರಡಲಿಲ್ಲ. ಅವನು ಕ್ಲಚ್ ಒತ್ತಿದ. ಮುಂಭಾಗ ಧಡ್ ಎಂದು ಕೆಳಗೆ ಬಿತ್ತು. ಟ್ರಾಲಿ ಹಿಂದಕ್ಕೆ ಜಾರಿ, ಅಡ್ಡ ತಿರುಗಿ, ದಂಡೆಯ ಜಾಲಿ ಮರಕ್ಕೆ ಒರಗಿ ನಿಂತಿತು. ಒಂದು ಮಡ್‌ಗಾರ್ಡ್ ಹೋಯಿತು, ಮುಂದಿನ ಅಚ್ಚಿನ ಬುಷ್ ಹೋಯಿತು. ಹುಡುಗ ಉಳಿದ. ಇಪ್ಪತ್ತೊಂದು ವರ್ಷ ಆಗ ಅವನಿಗೆ. ಆ ದಿನ ಮನೆಯಲ್ಲಿ ಯಾರೂ ಉಣ್ಣಲಿಲ್ಲ.

ಆಮೇಲೆ ಕೂತು ಲೆಕ್ಕ ಹಾಕಿದೆ. ಇದು ತಕ್ಕಡಿಯ ಲೆಕ್ಕ, ಯಾರೂ ಹಾಕಬಹುದು. ನನ್ನ ಟ್ರ್ಯಾಕ್ಟರಿನ ಹಿಂದಿನ ಅಚ್ಚಿನಿಂದ ಹುಕ್ಕಿಗೆ ಎರಡೂವರೆ ಅಡಿ. ಹಿಂದಿನ ಅಚ್ಚಿನಿಂದ ಮುಂದಿನ ಅಚ್ಚಿಗೆ ಆರೂಕಾಲು ಅಡಿ. ಹುಕ್ಕಿನ ಮೇಲೆ 400 ಕೆಜಿ ಕೂತರೆ, 400ನ್ನು ಎರಡೂವರೆಯಿಂದ ಗುಣಿಸಿ ಆರೂಕಾಲರಿಂದ ಭಾಗಿಸಿ, 160 ಕೆಜಿ ಮುಂದಿನ ಗಾಲಿಗಳಿಂದ ಕಳೆಯುತ್ತದೆ. ಟ್ರ್ಯಾಕ್ಟರಿನ ಮುಂದಿನ ಅಚ್ಚಿನ ಮೇಲೆ ಇರುವುದೇ ಆರೂವರೆ ಏಳುನೂರು ಕೆಜಿ. ಆ ದಿನ ಕಲ್ಲೆಲ್ಲ ಮುಂದೆ ಇದ್ದದ್ದರಿಂದ ಹುಕ್ಕಿನ ಮೇಲೆ ಏಳುನೂರಕ್ಕೂ ಮೇಲೆ ಬಿದ್ದಿರಬೇಕು. ಸಪಾಟು ನೆಲದಲ್ಲೇ ಮುಂಭಾಗ ಅರ್ಧ ಹಗುರಾಗಿತ್ತು. ಅದಕ್ಕೆ ಏರು ಕೂಡಿತು, ಮೇಲಿನ ತೂತಿನ ಎಳೆತ ಕೂಡಿತು, ಒಮ್ಮೆಲೇ ಬಿಟ್ಟ ಕ್ಲಚ್ ಕೂಡಿತು. ಎಳೆಯುವ ಹುಕ್ಕು ಎಷ್ಟು ಮೇಲಿದ್ದರೆ ಟ್ರ್ಯಾಕ್ಟರ್ ಹಿಂದಕ್ಕೆ ಮಗುಚುವ ಭಯ ಅಷ್ಟು ಹೆಚ್ಚು. ಹುಕ್ಕು ಕಂಪನಿ ಕೊಟ್ಟ ಎತ್ತರದಲ್ಲೇ ಇರಲಿ. ದಂಡಿಗೆ ಉಜ್ಜಿದರೆ ದಂಡಿಗೆಯನ್ನು ಬಗ್ಗಿಸಿ ಬೆಸುಗೆ ಹಾಕಿಸಿ, ಹುಕ್ಕು ಏರಿಸಬೇಡಿ. ಮೇಲಿನ ಟಾಪ್ ಲಿಂಕಿಗೆ ಸರಪಳಿ ಕಟ್ಟಿ ಎಳೆಯುವವರನ್ನೂ ಕಂಡಿದ್ದೇನೆ. ಅವರಿಗೆ ಕೈ ಮುಗಿದು ಹೇಳುತ್ತೇನೆ, ಬೇಡ.

ಹಾಗಂತ ಹಿಂದೆ ಹೇರಿದರೆ ಸರಿಯೆ? ಅದೂ ಕೆಟ್ಟದ್ದು. ಕಬ್ಬು ಹಿಂದಕ್ಕೆ ಚಾಚಿ ಹೇರಿದಾಗ ಒಂದಚ್ಚಿನ ಟ್ರಾಲಿ ಹುಕ್ಕನ್ನು ಮೇಲಕ್ಕೆ ಎತ್ತುತ್ತದೆ. ಟ್ರ್ಯಾಕ್ಟರಿನ ಹಿಂದಿನ ಗಾಲಿ ಹಗುರಾಗಿ ಹಿಡಿತ ತಪ್ಪುತ್ತದೆ. ರಸ್ತೆಯ ಮೇಲೆ ಟ್ರಾಲಿ ಹಾವಿನ ಹಾಗೆ ಆಡುತ್ತದೆ. ಪಿನ್ನಿಗೆ ಕೆಳಗೆ ಲಾಕ್ ಇಲ್ಲದಿದ್ದರೆ ಪಿನ್ ಜಿಗಿದು ಹೊರಬರಬಹುದು.

ಅಂದಾಜು ಬೇಡ ಎಂದು ಕಾಟಾಕ್ಕೆ ಹೋಗಿ ತೂಗಿ ನೋಡಿದೆ. ವಿಧಾನ ಸರಳ. ಲಾರಿ ತೂಗುವ ಕಾಟಾದ ಮೇಲೆ ಟ್ರಾಲಿಯ ಗಾಲಿ ಮಾತ್ರ ನಿಲ್ಲಿಸಿ, ಟ್ರ್ಯಾಕ್ಟರ್ ಹೊರಗೆ ಇರುವಂತೆ ಒಂದು ತೂಕ. ಆಮೇಲೆ ಹುಕ್ಕು ಬಿಚ್ಚಿ, ಸ್ಟ್ಯಾಂಡ್ ಕೂಡ ಕಾಟಾದ ಮೇಲೇ ಇರುವಂತೆ ಇನ್ನೊಂದು ತೂಕ. ಎರಡರ ವ್ಯತ್ಯಾಸವೇ ಹುಕ್ಕಿನ ಭಾರ. ನನ್ನ ಟ್ರಾಲಿ ಖಾಲಿ 1,150 ಕೆಜಿ. ಐವತ್ತು ಕೆಜಿಯ 55 ಚೀಲ ಸೋಯಾ ಹೇರಿ ಒಟ್ಟು 3,900. ಗಾಲಿಯ ಮೇಲೆ 3,410, ಹುಕ್ಕಿನ ಮೇಲೆ 490. ಮುಂದಿನ ಎಂಟು ಚೀಲಗಳನ್ನು ನಾಲ್ಕು ಅಡಿ ಹಿಂದಕ್ಕೆ ಸರಿಸಿದೆವು. ಹುಕ್ಕಿನ ಭಾರ 330ಕ್ಕೆ ಇಳಿಯಿತು. ಎಂಟೇ ಚೀಲ! ಆಮೇಲೆ ಟ್ರಾಲಿಯ ಒಳಗೋಡೆಗೆ ಕೆಂಪು ಬಣ್ಣದ ಗೆರೆ ಎಳೆದೆ. ಕಲ್ಲು, ಉಸುಕು, ಗೊಬ್ಬರದಂಥ ಭಾರದ ಮಾಲಿನ ರಾಶಿಯ ನೆತ್ತಿ ಆ ಗೆರೆಯ ಸುತ್ತ ಇರಬೇಕು. ಗೆರೆ ಅಚ್ಚಿಗಿಂತ ಒಂದು ಅಡಿಯಷ್ಟು ಮುಂದಿದೆ.

ನನ್ನ ತಂಗಿಯ ಮಗ ಇಂಗ್ಲೆಂಡಿನಲ್ಲಿ ನೌಕರಿ ಮಾಡುತ್ತಾನೆ. ಊರಿಗೆ ಬಂದಾಗ ಈ ಗೆರೆ ನೋಡಿ ನಕ್ಕ. ಅಲ್ಲಿ ಜನ ರಜೆಗೆ ಹೋಗುವಾಗ ಕಾರಿನ ಹಿಂದೆ ಒಂದು ಪುಟ್ಟ ಮನೆಯನ್ನೇ ಎಳೆದೊಯ್ಯುತ್ತಾರಂತೆ. ಮಂಚ, ಒಲೆ, ಎಲ್ಲ ಅದರೊಳಗೆ. ಕ್ಯಾರವಾನ್ ಎನ್ನುತ್ತಾರೆ. ಅದಕ್ಕೂ ಅಚ್ಚು ಒಂದೋ ಎರಡೋ ಎಂಬ ಇದೇ ಜಗಳ. ಅವರು ಹೊರಡುವ ಮೊದಲು ಹುಕ್ಕಿನ ಭಾರ ತೂಗುತ್ತಾರೆ, ಒಟ್ಟು ಭಾರದ ನೂರಕ್ಕೆ ಐದರಿಂದ ಏಳು ಪಾಲು ಇರಲಿ ಎನ್ನುತ್ತಾರೆ. ಒಂದಚ್ಚಿನದನ್ನು ಇಬ್ಬರು ಸೇರಿ ಕೈಯಿಂದ ತಳ್ಳಿ ಅಂಗಳದಲ್ಲಿ ತಿರುಗಿಸಬಹುದು. ಎರಡಚ್ಚಿನದು ವೇಗದಲ್ಲಿ ಅಲುಗಾಡುವುದು ಕಡಿಮೆ, ಆದರೆ ಕೈಗೆ ಜಗ್ಗುವುದಿಲ್ಲ. ಕಾರು ಹಗುರ, ಹಾಗಾಗಿ ಅವರ ಪಾಲು ಕಡಿಮೆ. ನಮ್ಮ ಟ್ರ್ಯಾಕ್ಟರಿಗೆ ಏರಿನಲ್ಲಿ ಹಿಡಿತ ಬೇಕು. ನಾನು ನೂರಕ್ಕೆ ಎಂಟರಿಂದ ಹತ್ತು ಎಂದು ಇಟ್ಟುಕೊಂಡಿದ್ದೇನೆ. ದೊಡ್ಡ ಟ್ರ್ಯಾಕ್ಟರಿಗೆ ಇನ್ನೂ ಸ್ವಲ್ಪ ಹೆಚ್ಚು ತಡೆಯುತ್ತದೆ.

ಟ್ರಾಲಿಯಲ್ಲಿ ಮನೆ ಮಾಡುವವರು ನಮ್ಮಲ್ಲೂ ಇದ್ದಾರೆ. ಬೀಡ ಜಿಲ್ಲೆಯ ಕಡೆಯಿಂದ ಕಬ್ಬು ಕಡಿಯಲು ಬರುವ ಟೋಳಿಯವರು ಹಂಡೆ ಹಾಸಿಗೆ ಮಕ್ಕಳು ಸಮೇತ ಟ್ರಾಲಿಯಲ್ಲೇ ಬರುತ್ತಾರೆ, ದಾರಿಯಲ್ಲಿ ಅದರಲ್ಲೇ ಮಲಗುತ್ತಾರೆ. ಅವರ ಕೂಸುಗಳು ನೆರಳಿಗೆ ಟ್ರಾಲಿಯ ಕೆಳಗೆ ಮಲಗಿದ್ದು ಎಷ್ಟೋ ಸಲ ಕಂಡಿದ್ದೇನೆ. ಒಂದಚ್ಚಿನ ಟ್ರಾಲಿ ಬಿಚ್ಚಿ ನಿಲ್ಲಿಸಿದಾಗ ಅದು ಒಂದು ಸ್ಟ್ಯಾಂಡಿನ ಮೇಲೆ ನಿಂತಿರುತ್ತದೆ, ಅಷ್ಟೆ. ಕರಿ ಭೂಮಿಯಲ್ಲಿ ಸ್ಟ್ಯಾಂಡ್ ಹೂತು ಹೋಗುತ್ತದೆ. ಹಿಂಬದಿ ಯಾರಾದರೂ ಹತ್ತಿದರೆ ಮೂತಿ ಏಳುತ್ತದೆ. ಸ್ಟ್ಯಾಂಡಿನ ಕೆಳಗೆ ಅಗಲ ಹಲಗೆ, ಗಾಲಿಗೆ ಮುಂದೆ ಹಿಂದೆ ಕಲ್ಲು, ಹಿಂಬದಿಗೂ ಒಂದು ಮರದ ಆಸರೆ ಕೊಟ್ಟೇ ಬಿಚ್ಚಬೇಕು. ಅದರ ಕೆಳಗೆ ಯಾರನ್ನೂ ಕೂರಲು ಬಿಡಬಾರದು.

ಮಣ್ಣು ಏನನ್ನುತ್ತದೆ

ಇಲ್ಲಿ ನ್ಯಾಯವಾಗಿ ಎರಡಚ್ಚಿನ ಪರ ಒಂದು ಮಾತು ಹೇಳಬೇಕು. ನೆಲದ ಆಳದ ಮಣ್ಣು ಗಟ್ಟಿಯಾಗುವುದು ಒಂದೊಂದು ಅಚ್ಚಿನ ಮೇಲೆ ಎಷ್ಟು ಭಾರ ಎನ್ನುವುದರ ಮೇಲೆ. ನಾಲ್ಕು ಟನ್ ಒಂದೇ ಅಚ್ಚಿನ ಮೇಲೆ ಹೋದರೆ ಒತ್ತು ನೇಗಿಲು ಮುಟ್ಟದ ಆಳಕ್ಕೆ ಇಳಿಯುತ್ತದೆ. ಎರಡು ಅಚ್ಚಿಗೆ ಹಂಚಿದರೆ ಅಷ್ಟು ಇಳಿಯುವುದಿಲ್ಲ. ಕಬ್ಬಿನ ಕೂಳೆ ಬಿಡುವವರು ಇದನ್ನು ಮನಸ್ಸಿನಲ್ಲಿಡಬೇಕು. ಗಾಲಿ ಓಡಿದ ಸಾಲಿನಲ್ಲಿ ಕೂಳೆ ಕುಂಟುವುದನ್ನು ನನ್ನ ಹೊಲದಲ್ಲೇ ನೋಡಿದ್ದೇನೆ. ನಾನು ಮಾಡುವುದು ಇಷ್ಟೆ: ಕಬ್ಬಿಗೆ ಹೊಲದೊಳಗೆ ಒಂದೇ ದಾರಿ ಇಟ್ಟು, ಎಲ್ಲ ಖೇಪೂ ಅದರ ಮೇಲೇ. ಹಸಿ ಕರಿ ಭೂಮಿಗೆ ಯಾವ ಅಚ್ಚೂ ಆಗಿ ಬರುವುದಿಲ್ಲ. ಮಳೆ ಬಿದ್ದರೆ ನಾಲ್ಕು ದಿನ ಕೈ ಕಟ್ಟಿ ಕೂರಬೇಕು.

ಹೊಟ್ಟೆಯ ಕೆಳಗೆ ಜೋಡಿ ಅಚ್ಚು ಇರುವ ಜಾತಿಯ ಬಗ್ಗೆ: ಗುಂಡಿ ದಿಣ್ಣೆಯ ಮೇಲೆ ಅದರ ನಡಿಗೆ ಮೆತ್ತಗೆ, ಹುಕ್ಕಿನ ಮೇಲೂ ತುಸು ಭಾರ ಬಿಡುತ್ತದೆ, ಹಿಂದಕ್ಕೆ ತರುವುದೂ ಒಂದಚ್ಚಿನದರ ಹಾಗೇ. ಆದರೆ ಸಣ್ಣ ತಿರುವಿನಲ್ಲಿ ಗಾಲಿಗಳು ಉರುಳುವ ಬದಲು ಅಡ್ಡಕ್ಕೆ ಉಜ್ಜುತ್ತವೆ. ಡಾಂಬರಿನಲ್ಲಿ ಟೈರು ಸವೆಯುತ್ತದೆ, ಹೊಲದಲ್ಲಿ ಮಣ್ಣು ಬಗೆಯುತ್ತದೆ. ಉದ್ದ ನೇರ ದಾರಿ ಇದ್ದವರಿಗೆ, ಐವತ್ತು ಎಚ್.ಪಿ. ಟ್ರ್ಯಾಕ್ಟರ್ ಇದ್ದವರಿಗೆ ಒಳ್ಳೆಯದು. ನಾನು ಅದನ್ನು ನೆರೆಯವರದು ಎರವಲು ತಂದು ಎಳೆದದ್ದಷ್ಟೆ, ಸ್ವಂತ ಇಟ್ಟುಕೊಂಡ ಅನುಭವವಿಲ್ಲ.

ಖರ್ಚಿನ ಮಾತು ಬೇಗ ಮುಗಿಸುತ್ತೇನೆ. ಒಂದೊಂದು ಗಾಲಿಯ ಹಬ್ಬಿಗೆ ಎರಡು ಬೇರಿಂಗ್. ಒಂದಚ್ಚಿಗೆ ನಾಲ್ಕು, ಎರಡಚ್ಚಿಗೆ ಎಂಟು. ಟೈರೂ ಹಾಗೇ, ಎರಡಕ್ಕೆ ನಾಲ್ಕು. ಎರಡು ಗಾಲಿಯದಕ್ಕೆ ದೊಡ್ಡ 9.00-16, ನಾಲ್ಕು ಗಾಲಿಯದಕ್ಕೆ 7.50-16 ಹೆಚ್ಚಾಗಿ ಬರುತ್ತವೆ. ಟರ್ನ್ ಟೇಬಲಿನ ಬಳೆಗೆ ಗ್ರೀಸ್ ತಪ್ಪಿದರೆ ಸುಗ್ಗಿಯ ನಡುವೆಯೇ ಕಚ್ಚಿಕೊಳ್ಳುತ್ತದೆ. ಪಂಕ್ಚರ್ ವಿಷಯದಲ್ಲಿ ಒಂದಚ್ಚಿನದು ಸೋಲುತ್ತದೆ. ಒಂದು ಗಾಲಿ ಕೂತರೆ ಟ್ರಾಲಿ ವಾಲುತ್ತದೆ, ಮಾಲು ಇಳಿಸದೆ ಜಾಕ್ ಹಚ್ಚುವುದು ಅಪಾಯ. ಹೆಚ್ಚುವರಿ ಗಾಲಿ, ಗಟ್ಟಿ ಜಾಕ್, ಎರಡು ಮರದ ದಿಮ್ಮಿ ಜೊತೆಗಿರಲಿ.

ಇಳಿಜಾರು, ಬ್ರೇಕು, ಕಾಗದ

ಔರಾದ ಕಡೆಗೆ ಹೋಗುವವರಿಗೆ ಗೊತ್ತು, ಬೀದರ ಕೋಟೆ ಇರುವ ಎತ್ತರದಿಂದ ಮಾಂಜ್ರಾ ಬಯಲಿಗೆ ಇಳಿಯಲೇಬೇಕು. ಆ ಇಳಿಜಾರಿನಲ್ಲಿ ನಾಲ್ಕು ಟನ್ ಹಿಂದಿನಿಂದ ನೂಕುವಾಗ ಟ್ರಾಲಿಗೆ ಬ್ರೇಕಿಲ್ಲದಿದ್ದರೆ ಒಂದಚ್ಚೂ ಒಂದೇ, ಎರಡಚ್ಚೂ ಒಂದೇ. ನಮ್ಮ ಹೆಚ್ಚಿನ ಟ್ರಾಲಿಗಳಿಗೆ ಬ್ರೇಕೇ ಇಲ್ಲ. ಟ್ರ್ಯಾಕ್ಟರ್ ನಿಧಾನಿಸಿದಾಗ ಟ್ರಾಲಿಯ ನೂಕಿನಿಂದಲೇ ತಾನಾಗಿ ಹಿಡಿಯುವ ಬ್ರೇಕು ಸಿಗುತ್ತದೆ. ಹಿಂದಕ್ಕೆ ತರುವಾಗ ಮಾತ್ರ ಅದಕ್ಕೆ ಲಾಕ್ ಹಾಕಬೇಕು. ಹೊಸದು ಕೊಳ್ಳುವವರು ಹಟ ಹಿಡಿದು ಹಾಕಿಸಿಕೊಳ್ಳಿ. ಏರುವ ಗೇರಿನಲ್ಲೇ ಇಳಿಯಿರಿ, ಇಳಿಜಾರಿನ ನಡುವೆ ಕ್ಲಚ್ ಒತ್ತಬೇಡಿ. ರಸ್ತೆಗೆ ಬಂದ ಕೂಡಲೇ ಟ್ರ್ಯಾಕ್ಟರಿನ ಎರಡು ಬ್ರೇಕ್ ಪೆಡಲ್‌ಗಳನ್ನು ಕೂಡಿಸಿ ಲಾಕ್ ಮಾಡಿ. ಒಂದೇ ಪೆಡಲ್ ಒತ್ತಿದರೆ ಟ್ರ್ಯಾಕ್ಟರ್ ಒಂದು ಕಡೆ ತಿರುಗಿ, ಹಿಂದಿನ ಟ್ರಾಲಿ ಮಡಚಿ ಮೇಲೆ ಬರುತ್ತದೆ.

1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಟ್ರಾಲಿಯೂ ಒಂದು ಮೋಟಾರು ವಾಹನವೇ. ಬೀದರಿನ ಕೆಎ 38 ಆಗಲಿ, ಭಾಲ್ಕಿಯ ಕೆಎ 39 ಆಗಲಿ, ಅದಕ್ಕೆ ಅದರದ್ದೇ ನಂಬರು ಬೇಕು. ವಿಮೆಯ ಕಾಗದದಲ್ಲಿ ಟ್ರ್ಯಾಕ್ಟರ್ ನಂಬರಿನ ಜೊತೆ ಟ್ರಾಲಿಯ ನಂಬರೂ ಬರೆದಿದೆಯೇ ಎಂದು ಇವತ್ತೇ ತೆಗೆದು ನೋಡಿ. ನನ್ನದರಲ್ಲಿ ನಾಲ್ಕು ವರ್ಷ ಇರಲಿಲ್ಲ, ನನಗೆ ಗೊತ್ತೂ ಇರಲಿಲ್ಲ. ಮೈಲಾರ ಮಲ್ಲಣ್ಣನ ಜಾತ್ರೆಗೆ ಮನೆಮಂದಿಯನ್ನೆಲ್ಲ ಟ್ರಾಲಿಯಲ್ಲಿ ತುಂಬಿ ಒಯ್ಯುವುದು ನಮ್ಮ ಕಡೆಯ ರೂಢಿ, ನಾನೂ ಒಯ್ದಿದ್ದೇನೆ. ಟ್ರಾಲಿ ಮಾಲು ಸಾಗಿಸುವ ಗಾಡಿ. ಅದರಲ್ಲಿ ಕೂತವರಿಗೆ ಏನಾದರೂ ಆದರೆ ವಿಮೆ ಕೈ ಕೊಡುತ್ತದೆ, ಹೊಲ ಮಾರುವ ಪಾಳಿ ಬರುತ್ತದೆ. ಹಳ್ಳದ ಆ ದಿನದ ಮೇಲೆ ನಾವು ಜಾತ್ರೆಗೆ ಬಸ್ಸಿನಲ್ಲೇ ಹೋಗುತ್ತಿದ್ದೇವೆ.

ಔರಾದಿನವನ ಲೆಕ್ಕ

ನನ್ನ ಹೆಂಡತಿಯ ತಮ್ಮನಿಗೆ ಮತ್ತೆ ಬರೋಣ. ಅಂಗಡಿಯವನ ವಾದ ಇಷ್ಟು: ಹನ್ನೆರಡು ಎಕರೆ ಸೋಯಾ, ಎಕರೆಗೆ ಏಳು ಕ್ವಿಂಟಲ್ ಹಿಡಿದರೂ 84 ಕ್ವಿಂಟಲ್. ಉದಗೀರ ಮಾರುಕಟ್ಟೆಗೆ ಎರಡು ಗಾಲಿಯಲ್ಲಿ ಮೂರು ಖೇಪು, ನಾಲ್ಕು ಗಾಲಿಯಲ್ಲಿ ಎರಡೇ. ಲೆಕ್ಕ ಸರಿ. ನಾನು ಕೇಳಿದೆ, "ತಮ್ಮಾ, ವರ್ಷದಾಗ ಒಂದು ಖೇಪು ಉಳಿಸಾಕ ನೀ ನಾಲ್ಕು ಗಾಲಿ ತಗೊಳ್ತಿ. ಗೊಬ್ಬರ ಎಷ್ಟು ಖೇಪು ಹೊಡೀತಿ?" ಅವನು ಬೆರಳು ಎಣಿಸಿದ. ಗೊಬ್ಬರ ನಲವತ್ತು, ಮೆದೆ ಹದಿನೈದು, ಕಣಿಕೆ ಹತ್ತು, ಮೊರಂ ಮಣ್ಣು, ಕಲ್ಲು ಬೇರೆ. ಎಲ್ಲವೂ ಹೊಲದ ದಾರಿಯಲ್ಲಿ. ಅವನದು ಕೆಂಪು ನೆಲ, ಏರಿಳಿತದ ಜಾಗ, ನಡುವೆ ಒಂದು ಹಳ್ಳ.

"ಹೊಲದ ದಾರಿ ಎಷ್ಟು ಅಗಲ?"

"ಬಂಡಿ ಹೋಗ್ತದ ಭಾವಾ."

"ಬಂಡಿ ಹೋಗ್ತದ ಅಂತ ನಾನೂ ಅಂದಿದ್ದೆ. ಟೇಪು ಹಿಡಿದು ಅಳಿ."

ಮಾರನೆಯ ದಿನ ಅಳೆದು ಹೇಳಿದ. ದಾರಿ ಒಂಬತ್ತು ಅಡಿ. ಹಳ್ಳದ ಹತ್ತಿರದ ತಿರುವಿನಲ್ಲಿ ಎಂಟೂವರೆ, ಒಂದು ಪಕ್ಕಕ್ಕೆ ಬಾವಿ. ಅಲ್ಲಿಗೆ ಟರ್ನ್ ಟೇಬಲಿನ ಮಾತು ಮುಗಿಯಿತು. ಉದಗೀರದ ಮೂರನೆಯ ಖೇಪಿಗೆ ಬೇಕಾದರೆ ನೆರೆಯವರ ದೊಡ್ಡ ಟ್ರಾಲಿ ಒಂದು ದಿನ ಬಾಡಿಗೆಗೆ ಸಿಗುತ್ತದೆ.

ಒಂದಚ್ಚಿನ, ಜಾಕ್ ಇರುವ ಟ್ರಾಲಿಗೆ ಅವನು ಮೇಸ್ತ್ರಿಗೆ ಮುಂಗಡ ಕೊಟ್ಟಿದ್ದಾನೆ. ನಾನೂ ಜೊತೆಗೆ ಹೋಗಿದ್ದೆ. ಸ್ಟ್ಯಾಂಡಿನ ಪಾದ ಒಂದು ಅಡಿ ಚೌಕ ಇರಬೇಕು, ನೂಕು ಬ್ರೇಕು ಇರಬೇಕು, ಹಿಂದಿನ ಹಲಗೆ ಭಾರ ತಡೆಯುವಷ್ಟು ದಪ್ಪ ಇರಬೇಕು, ಹುಕ್ಕಿನ ಪಿನ್ನಿಗೆ ಸರಪಳಿಯ ಲಾಕ್ ಇರಬೇಕು ಎಂದು ಬರೆಸಿದ್ದೇವೆ. ಕೆಂಪು ಗೆರೆ ಎಲ್ಲಿ ಬರಬೇಕೆಂದು ಹೊಸ ಟ್ರಾಲಿಯನ್ನು ಕಾಟಾದ ಮೇಲೆ ನಿಲ್ಲಿಸಿಯೇ ಗುರುತು ಹಾಕಬೇಕು. ಮಿರಗದ ಮಳೆಯೊಳಗೆ ಕೊಡುತ್ತೇನೆ ಎಂದಿದ್ದಾನೆ ಮೇಸ್ತ್ರಿ. ನೋಡಬೇಕು.